ಚಳಿಗಾಲದ ಕೆರೆ ಹಕ್ಕಿ ಎಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯನ್ ಜಲಪಕ್ಷಿ ಗಣತಿಗಾಗಿ ಕರ್ನಾಟಕದ ಕೆರೆಗಳಲ್ಲಿ ಹಕ್ಕಿ ಎಣಿಸಲು ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಹೊಸಬರ ಪ್ರಶ್ನೆಗಳು ಮೊದಲಿವೆ, ನಾಲ್ಕಾರು ಸಲ ಎಣಿಸಿದವರವು ಕೊನೆಗಿವೆ.

## ಮೊದಲ ಸಲ ಬರುವವರಿಗೆ

ಹಕ್ಕಿಗಳು ವರ್ಷವಿಡೀ ಇರ್ತಾವಲ್ಲ, ಜನವರಿಯಲ್ಲೇ ಯಾಕೆ ಎಣಿಸಬೇಕು?

ಉತ್ತರದಿಂದ ಬರುವ ಬಾತು, ಕೆಸರಿನಲ್ಲಿ ಮೇಯುವ ಗೊರವಗಳು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೀರು, ಮೇವು ಹುಡುಕಿಕೊಂಡು ಕೆರೆಯಿಂದ ಕೆರೆಗೆ ಅಲೆಯುತ್ತವೆ. ಫೆಬ್ರವರಿ ಕಳೆಯುವ ಹೊತ್ತಿಗೆ ಕೆಲವು ವಾಪಸು ಹೊರಡಲು ಶುರುಮಾಡುತ್ತವೆ. ಜನವರಿಯಲ್ಲಿ ಅವು ಬಹುಮಟ್ಟಿಗೆ ಒಂದು ಕಡೆ ನೆಲೆನಿಂತಿರುತ್ತವೆ. ಆಗ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಣಿಸಿದರೆ ಒಂದೇ ಬಾತು ಎರಡು ಊರಿನ ಲೆಕ್ಕಕ್ಕೆ ಬೀಳುವುದು ತಪ್ಪುತ್ತದೆ. ಜಾಗತಿಕ ಜಲಪಕ್ಷಿ ಗಣತಿ 1967ರಲ್ಲಿ ಶುರುವಾಯಿತು, ಅದರ ಏಷ್ಯಾದ ಭಾಗ 1987ರಲ್ಲಿ ಭಾರತ ಉಪಖಂಡದಿಂದ ಆರಂಭವಾಯಿತು. ನಮ್ಮಲ್ಲಿ ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದನ್ನು ನೋಡಿಕೊಳ್ಳುತ್ತವೆ. ಕೆರೆಗೆ ಹೋಗಿ ಎಣಿಸುವವರು ಮಾತ್ರ ಊರೂರಿನ ಹವ್ಯಾಸಿಗಳೇ.

ನನಗೆ ಕಾಗೆ, ಗುಬ್ಬಿ, ಬೆಳ್ಳಕ್ಕಿ ಬಿಟ್ಟರೆ ಬೇರೆ ಹಕ್ಕಿ ಗೊತ್ತಿಲ್ಲ. ಬರಬಹುದಾ?

ಖಂಡಿತ ಬನ್ನಿ. ಒಂದು ತಂಡಕ್ಕೆ ಹಕ್ಕಿ ಗುರುತಿಸುವವರು ಒಬ್ಬರಿದ್ದರೆ ಸಾಕು. ಬರೆದುಕೊಳ್ಳುವವರು ಒಬ್ಬರು ಬೇಕೇ ಬೇಕು, ಎಣಿಸುವವರು ಇನ್ನೊಬ್ಬರಿದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ದುರ್ಬೀನು ಹಿಡಿದವರು ತಲೆ ತಗ್ಗಿಸಿ ಬರೆಯಹೊರಟರೆ ಎಲ್ಲಿಗೆ ಬಂದಿದ್ದೆವೆಂಬುದೇ ಮರೆತುಹೋಗುತ್ತದೆ. ಅದಕ್ಕೇ ಬರೆಯುವ ಕೆಲಸಕ್ಕೆ ಅಷ್ಟು ಬೆಲೆ. ಹೊಸಬರು ಮೊದಲ ದಿನ ಬರೆಯಲು ಕೂತರೆ ಹೆಸರು, ಹಕ್ಕಿ, ಸಂಖ್ಯೆ ಮೂರೂ ಕಿವಿಗೆ ಬೀಳುತ್ತಾ ಹತ್ತು ಹದಿನೈದು ಜಾತಿ ತಾವಾಗಿಯೇ ತಲೆಯಲ್ಲಿ ಉಳಿಯುತ್ತವೆ.

ಬೈನಾಕ್ಯುಲರ್ ಕೊಳ್ಳಲೇಬೇಕಾ? ಯಾವುದು ಕೊಳ್ಳೋದು?

ಮೊದಲ ವರ್ಷ ಕೊಳ್ಳಬೇಡಿ, ತಂಡದವರದ್ದರಲ್ಲಿ ನೋಡಿ. ಆಮೇಲೆ ಕೊಳ್ಳುವುದಾದರೆ 8×42 ಒಳ್ಳೆಯದು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹತ್ತು ಪಟ್ಟಿನದು ಹಕ್ಕಿಯನ್ನು ಇನ್ನಷ್ಟು ಹತ್ತಿರ ತರುತ್ತದೆ ನಿಜ, ಆದರೆ ಕೈನಡುಕವೂ ಅಷ್ಟೇ ಹಿಗ್ಗುತ್ತದೆ, ಒಂದು ನೋಟಕ್ಕೆ ಸಿಗುವ ನೀರಿನ ಅಗಲವೂ ಕಿರಿದಾಗುತ್ತದೆ. ಎಣಿಸುವವರಿಗೆ ಅಗಲ ಮುಖ್ಯ. ಐವತ್ತು, ನೂರು ಪಟ್ಟು ಎಂದು ಬರೆದ ಅಗ್ಗದ ದುರ್ಬೀನುಗಳ ಹತ್ತಿರ ಹೋಗಬೇಡಿ, ಅವುಗಳಲ್ಲಿ ಮಸುಕು ಬಿಟ್ಟು ಏನೂ ಕಾಣುವುದಿಲ್ಲ. ದೊಡ್ಡ ಕೆರೆಯ ಆಚೆ ದಡಕ್ಕೆ 20–60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಮತ್ತು ಗಟ್ಟಿ ಟ್ರೈಪಾಡ್ ಬೇಕು. ಒಂದು ತಂಡಕ್ಕೆ ಒಂದಿದ್ದರೆ ಸಾಕು.

ಎಷ್ಟು ಗಂಟೆಗೆ ಬರಬೇಕು? ಏನೇನು ತರಬೇಕು?

ಬೆಳಗ್ಗೆ ಆರೂವರೆಗೆ ಕೆರೆ ಏರಿಯ ಮೇಲಿರಿ. ಹಳೇ ಮೈಸೂರಿನ ಕೆಲವು ಕೆರೆಗಳಲ್ಲಿ ಜನವರಿಯ ಮಂಜು ಎಂಟರವರೆಗೂ ನೀರು ಬಿಡುವುದಿಲ್ಲ. ಆಗ ದಡದ ಹಕ್ಕಿಗಳನ್ನು ನೋಡುತ್ತಾ ಕಾಯಿರಿ, ಮಂಜಿನಲ್ಲಿ ನಡುನೀರನ್ನು ಅಂದಾಜು ಮಾಡಬೇಡಿ. ಹತ್ತೂವರೆ ದಾಟಿದರೆ ನೀರಿನ ಮೇಲೆ ಬಿಸಿಲಿನ ಝಳ ಎದ್ದು ದೂರದ ಹಕ್ಕಿಗಳೆಲ್ಲ ಕುಣಿಯತೊಡಗುತ್ತವೆ.

ನೋಟ್‌ಬುಕ್, ಎರಡು ಪೆನ್ಸಿಲ್ (ಇಬ್ಬನಿಗೆ ಪೆನ್ನು ಕೈಕೊಡುತ್ತದೆ), ಟೋಪಿ, ನೀರು, ತಿಂಡಿ, ಒದ್ದೆಯಾದರೂ ಸರಿ ಅನ್ನುವಂಥ ಬೂಟು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಬಿಳಿ ಬೇಡ. ಮಕ್ಕಳಿದ್ದರೆ ಅವರ ಕೈ ಹಿಡಿಯಲು ಒಬ್ಬರನ್ನು ಮೊದಲೇ ಗೊತ್ತುಮಾಡಿ. ಮಣ್ಣು ತೆಗೆದ ಕೆರೆ ಅಂಗಳದಲ್ಲಿ ಆಳುದ್ದದ ಗುಂಡಿಗಳು ನೀರು ತುಂಬಿಕೊಂಡು ಮೇಲಿಂದ ಸಮತಟ್ಟಾಗಿ ಕಾಣುತ್ತವೆ.

ಅನುಮತಿ, ಶುಲ್ಕ ಏನಾದರೂ ಇದೆಯಾ?

ಗಣತಿಗೆ ಶುಲ್ಕವಿಲ್ಲ. ಪಂಚಾಯಿತಿ ಅಥವಾ ಸಣ್ಣ ನೀರಾವರಿಯ ಕೆರೆಗಳಲ್ಲಿ ಏರಿಯ ಮೇಲೆ ನಿಂತು ಎಣಿಸಲು ಸಾಮಾನ್ಯವಾಗಿ ಯಾರ ಅಡ್ಡಿಯೂ ಇರುವುದಿಲ್ಲ. ಆದರೂ ಊರಿನ ಒಬ್ಬ ಹಿರಿಯರಿಗೆ, ಮೀನು ಗುತ್ತಿಗೆ ಹಿಡಿದವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿ. ರಂಗನತಿಟ್ಟಿನಂಥ ಪಕ್ಷಿಧಾಮಗಳಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕು. ಅಣೆಕಟ್ಟಿನ ಹಿನ್ನೀರಿಗೆ ಹೋಗುವವರೂ ಮೊದಲು ವಿಚಾರಿಸಿ.

## ಏರಿಯ ಮೇಲೆ ನಿಂತಾಗ

ಸಾವಿರ ಹಕ್ಕಿ ಒಟ್ಟಿಗೆ ಕೂತಿದ್ದರೆ ಎಣಿಸೋದಾದರೂ ಹೇಗೆ?

ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಬೆಳಗ್ಗೆಯಾದರೆ ಪೂರ್ವದ ದಡ. ಎದುರು ಬಿಸಿಲಿನಲ್ಲಿ ಬಾತು, ನಾಮದ ಕೋಳಿ, ಜಂಬುಕೋಳಿ ಎಲ್ಲವೂ ಕಪ್ಪು ಚುಕ್ಕೆಗಳೇ.

ಮೊದಲು ಬರಿಗಣ್ಣಿನಲ್ಲಿ ಇಡೀ ಕೆರೆ ನೋಡಿ, ಗುಂಪುಗಳೆಲ್ಲಿವೆ ಎಂದು ತಿಳಿದುಕೊಳ್ಳಿ. ಆಮೇಲೆ ದುರ್ಬೀನು ಎಡತುದಿಗೆ ಹಿಡಿದು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿನಲ್ಲಿ ಇಟ್ಟುಕೊಳ್ಳಿ. ಅದೇ ಅಳತೆಯನ್ನು ಬಲಕ್ಕೆ ಸರಿಸುತ್ತಾ ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಗಿ. ಗುಂಪು ಐನೂರು ದಾಟುವಂತಿದ್ದರೆ ಐವತ್ತರ ಅಳತೆ ಮಾಡಿಕೊಳ್ಳಿ. ಆದರೆ ಆ ಐವತ್ತನ್ನೂ ಮೊದಲು ಒಂದೊಂದಾಗಿಯೇ ಎಣಿಸಿರಬೇಕು, ‘ಇಷ್ಟಿರಬಹುದು’ ಎಂದು ಊಹಿಸಿದ ಐವತ್ತು ಬೇಡ. ಊಹೆಯ ಮೇಲೆ ಊಹೆ ಕಟ್ಟಿದರೆ ಕೊನೆಯ ಸಂಖ್ಯೆ ಯಾವ ಕೆಲಸಕ್ಕೂ ಬರುವುದಿಲ್ಲ.

ಗುಂಪು ನಡುವೆ ದಟ್ಟ, ಅಂಚಿನಲ್ಲಿ ವಿರಳ. ಅಂಚಿನ ಅಳತೆಯನ್ನು ನಡುವಿಗೆ ಹಾಕಿದರೆ ಲೆಕ್ಕ ಇಳಿಯುತ್ತದೆ, ನಡುವಿನದನ್ನು ಅಂಚಿಗೆ ಹಾಕಿದರೆ ಏರುತ್ತದೆ. ಎರಡಕ್ಕೂ ಬೇರೆ ಬೇರೆ ಅಳತೆ ತೆಗೆದುಕೊಳ್ಳಿ. ನಾಮದ ಕೋಳಿ, ಗುಳುಮುಳುಕಗಳು ಮುಳುಗಿ ಏಳುತ್ತಲೇ ಇರುವುದರಿಂದ ಅವನ್ನು ಎರಡು ಸಲ ಎಣಿಸಿ, ಹೆಚ್ಚಿನ ಸಂಖ್ಯೆ ಬರೆಯಿರಿ. ಸಾಮಾನ್ಯವಾಗಿ ಹೊಸಬರು ದೊಡ್ಡ ಗುಂಪನ್ನು ಇರುವುದಕ್ಕಿಂತ ಕಡಿಮೆಯೇ ಅಂದಾಜು ಮಾಡುತ್ತಾರೆ.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಹೇಗೂ ಅವರೆಕಾಯಿಯ ಕಾಲ. ಒಂದೆರಡು ಹಿಡಿ ಅವರೆಕಾಳನ್ನು ಪೇಪರಿನ ಮೇಲೆ ಚೆಲ್ಲಿ, ಹತ್ತು ಸೆಕೆಂಡು ನೋಡಿ, ಸಂಖ್ಯೆ ಬರೆದು, ಆಮೇಲೆ ಎಣಿಸಿ. ದಿನಕ್ಕೆ ಐದು ಸಲದಂತೆ ಒಂದು ವಾರ ಮಾಡಿದರೆ ನಿಮ್ಮ ಕಣ್ಣು ಎಷ್ಟು ಕಡಿಮೆ ಹೇಳುತ್ತದೆಂದು ನಿಮಗೇ ಗೊತ್ತಾಗುತ್ತದೆ.

ಎಣಿಸ್ತಿರುವಾಗಲೇ ಎಲ್ಲ ಎದ್ದು ಹಾರಿಬಿಟ್ಟರೆ?

ಅಲ್ಲೇ ನಿಲ್ಲಿಸಿ, ಎಲ್ಲಿಗೆ ಹೋಗುತ್ತವೆ ನೋಡಿ. ಅದೇ ಕೆರೆಯಲ್ಲಿ ಇಳಿದರೆ ಹತ್ತು ನಿಮಿಷ ಬಿಟ್ಟು ಆ ಜಾತಿಯನ್ನು ಹೊಸದಾಗಿ ಎಣಿಸಿ. ಕೆರೆ ಬಿಟ್ಟು ಹೋದರೆ ಅಲ್ಲಿಯವರೆಗೆ ಎಣಿಸಿದ್ದನ್ನು ಬರೆದು, ಯಾವ ದಿಕ್ಕಿಗೆ ಹೋದವು ಎಂದು ಪಕ್ಕದ ಕೆರೆಯ ತಂಡಕ್ಕೆ ಫೋನು ಮಾಡಿ. ಗರುಡವೋ ಸೆಳೆವ (ಹ್ಯಾರಿಯರ್) ಹಕ್ಕಿಯೋ ಬಂದಾಗ ಎದ್ದ ಗುಂಪು ಬೇಗ ಮರಳುತ್ತದೆ. ಎಬ್ಬಿಸಿದ್ದು ಮನುಷ್ಯರೋ ನಾಯಿಯೋ ಆಗಿದ್ದರೆ ಅರ್ಧಗಂಟೆ ಕಾದರೂ ಬಾರದೆ ಇರಬಹುದು. ದಡದ ಅಂಚಿನಲ್ಲಿ ಸಾಲಾಗಿ ನಡೆದುಹೋಗಬಾರದು ಎನ್ನುವುದು ಇದಕ್ಕೇ.

ಮೇಲೆ ಹಾರಿಹೋದ ಹಕ್ಕಿ ಲೆಕ್ಕಕ್ಕಾ?

ಕೆರೆಗೆ ಇಳಿಯದೆ ಹಾಗೇ ದಾಟಿಹೋದ ಬೆಳ್ಳಕ್ಕಿ ಸಾಲು ಜಲಪಕ್ಷಿ ಗಣತಿಗೆ ಬೇಡ. ನೀರಿನ ಮೇಲೆ ಮೀನಿಗಾಗಿ ಹಾರಾಡುತ್ತಿರುವ ರೀವ (ಟರ್ನ್), ಗರುಡ, ಮಿಂಚುಳ್ಳಿ ಬೇಕು, ಯಾಕೆಂದರೆ ಅವು ಈ ಕೆರೆಯನ್ನೇ ನೆಚ್ಚಿಕೊಂಡಿವೆ.

ಬೆಳ್ಳಕ್ಕಿಗಳೆಲ್ಲ ಒಂದೇ ತರ ಕಾಣ್ತಾವೆ. ‘ಬೆಳ್ಳಕ್ಕಿ 60’ ಅಂತ ಬರೆದರೆ ಸಾಲದಾ?

ನಮ್ಮ ಮಾತಿನ ಬೆಳ್ಳಕ್ಕಿಯಲ್ಲಿ ನಾಲ್ಕು ಜಾತಿಗಳು ಸೇರಿಕೊಂಡಿವೆ. ಕಾಲಿನಿಂದ ಶುರುಮಾಡಿ. ಕಾಲು, ಕೊಕ್ಕು ಎರಡೂ ಕಪ್ಪಾಗಿದ್ದು ಪಾದ ಮಾತ್ರ ಹಳದಿಯಾಗಿದ್ದರೆ ಸಣ್ಣ ಬೆಳ್ಳಕ್ಕಿ. ಕೆಸರಿನಿಂದ ಒಂದು ಹೆಜ್ಜೆ ಎತ್ತುವವರೆಗೆ ಕಾದರೆ ಆ ಹಳದಿ ಕಾಣುತ್ತದೆ. ಕೊಕ್ಕು ಹಳದಿ, ಮೋಟು, ಕುತ್ತಿಗೆ ಗಿಡ್ಡ, ಗಲ್ಲ ಉಬ್ಬಿದಂತಿದ್ದರೆ ಗೋವಕ್ಕಿ. ಇದು ನೀರಿಗಿಂತ ದನದ ಹಿಂದೆಯೇ ಹೆಚ್ಚು. ಉಳಿದೆರಡು, ದೊಡ್ಡದು ಮತ್ತು ಮಧ್ಯಮದ್ದು, ಚಳಿಗಾಲದಲ್ಲಿ ಎರಡಕ್ಕೂ ಹಳದಿ ಕೊಕ್ಕು. ಒಂಟಿಯಾಗಿ ನಿಂತಾಗ ಎತ್ತರ ನಂಬಬೇಡಿ, ಬಾಯಿಯ ಗೆರೆ ನೋಡಿ. ಕೊಕ್ಕಿನ ಬುಡದಿಂದ ಹೊರಟ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ.

ಇನ್ನೊಂದು ಮೋಸವಿದೆ. ಕೂತಾಗ ಮಣ್ಣುಬಣ್ಣದ ಕೊಳದ ಬಕ ಎದ್ದು ಹಾರಿದ ಕೂಡಲೇ ರೆಕ್ಕೆ ಪೂರ್ತಿ ಬಿಳಿ. ದೂರದಿಂದ ಅದೂ ಬೆಳ್ಳಕ್ಕಿಯ ಪಟ್ಟಿಗೆ ಸೇರಿಬಿಡುತ್ತದೆ.

ಎಷ್ಟು ನೋಡಿದರೂ ತಿಳಿಯದವನ್ನು ‘ಯಾವುದೋ ಬೆಳ್ಳಕ್ಕಿ, 14’ ಎಂದು ಬೇರೆಯಾಗಿ ಬರೆಯಿರಿ. ಹಕ್ಕಿ ಪಟ್ಟಿ ಹಾಕುವ ಇಬರ್ಡ್ ಆ್ಯಪ್‌ನಲ್ಲೂ ಅದಕ್ಕೆ ಜಾಗವಿದೆ.

ಗಂಡು ಬಾತು ಪುಸ್ತಕದಲ್ಲಿದ್ದ ಹಾಗೇ ಇದೆ, ಹೆಣ್ಣುಗಳೆಲ್ಲ ಕಂದು. ಏನು ಮಾಡಲಿ?

ಬಣ್ಣ ಬಿಟ್ಟು ಆಕಾರ ನೋಡಿ. ಚಲುಕ ಬಾತಿಗೆ ಗಂಡಾಗಲಿ ಹೆಣ್ಣಾಗಲಿ ತಲೆಗಿಂತ ಉದ್ದದ, ತುದಿಯಲ್ಲಿ ಸಲಿಕೆಯಂತೆ ಅಗಲವಾದ ಕೊಕ್ಕು. ಐದಾರು ಸೇರಿ ಕೊಕ್ಕು ನೀರಿಗಿಟ್ಟು ಸುತ್ತು ಹೊಡೆಯುತ್ತಿದ್ದರೆ ಅವೇ. ಸೂಜಿಬಾಲದ ಬಾತಿನ ಹೆಣ್ಣಿಗೂ ನೀಳ ಕುತ್ತಿಗೆ, ಬೂದು ಕೊಕ್ಕು. ಚುಕ್ಕೆಕೊಕ್ಕಿನ ಬಾತು ವರ್ಷವಿಡೀ ನಮ್ಮಲ್ಲೇ ಇರುವಂಥದ್ದು, ಕಪ್ಪು ಕೊಕ್ಕಿನ ತುದಿ ಹಳದಿ, ಗಂಡು ಹೆಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ. ಬಿಳಿಹುಬ್ಬಿನ ಬಾತಿನ ಗಂಡಿಗೆ ಹುಬ್ಬಿನ ಬಣ್ಣ ಬರುವುದು ತಡ, ಜನವರಿಯಲ್ಲಿ ಎಷ್ಟೋ ಗಂಡುಗಳು ಹೆಣ್ಣಿನಂತೆಯೇ ಕಾಣುತ್ತವೆ. ಆದ್ದರಿಂದ ‘ಹುಬ್ಬು ಕಂಡ 6 ಮಾತ್ರ’ ಎಂದು ಬರೆದರೆ ಅರ್ಧ ಗುಂಪು ಬಿಟ್ಟಂತೆ. ಮುಖದ ಮೇಲಿನ ಗೆರೆಗಳನ್ನು ಹುಡುಕಿ.

ನಾಮದ ಕೋಳಿ ಬಾತೇ ಅಲ್ಲ. ಕಪ್ಪು ಮೈ, ಬಿಳಿ ಕೊಕ್ಕು, ಹಣೆಯ ಮೇಲೆ ನಾಮ ಎಳೆದಂತೆ ಬಿಳಿ ಪಟ್ಟಿ. ಏಳುವಾಗ ನೀರಿನ ಮೇಲೆ ಪಟಪಟನೆ ಓಡಿ ಏಳುತ್ತದೆ.

ನಮ್ಮ ಕೆರೆ ಬತ್ತಿದೆ. ಹೋಗಿ ಏನು ಪ್ರಯೋಜನ?

ಹೋಗಿ, ಸೊನ್ನೆಯನ್ನೇ ಬರೆದು ಬನ್ನಿ. ಈ ಪುಟದ ಎಲ್ಲ ಉತ್ತರಗಳಲ್ಲಿ ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ. ಖಾಲಿ ಬಿಟ್ಟ ವರ್ಷವನ್ನು ಮುಂದೆ ನೋಡುವವರು ‘ಯಾರೂ ಹೋಗಲಿಲ್ಲ’ ಎಂದುಕೊಳ್ಳುತ್ತಾರೆ. ಸೊನ್ನೆ ಬರೆದಿದ್ದರೆ ‘ಹೋದರು, ಹಕ್ಕಿ ಇರಲಿಲ್ಲ’ ಎಂದು ತಿಳಿಯುತ್ತದೆ. ಗಣತಿ ಫಾರಂನಲ್ಲಿ ಕೆರೆಯ ಸ್ಥಿತಿ ಕೇಳುವ ಭಾಗವೂ ಇದೆ. ನೀರೆಷ್ಟಿದೆ, ಅಂತರಗಂಗೆ ಹಬ್ಬಿದೆಯಾ, ಚರಂಡಿ ನೀರು ಸೇರುತ್ತಾ, ಬಲೆ ಹಾಕಿದ್ದಾರಾ, ಮಣ್ಣು ತುಂಬಿ ಒತ್ತುವರಿ ಆಗಿದೆಯಾ. ಬಹಳ ಜನ ಅದನ್ನು ಖಾಲಿ ಬಿಟ್ಟು ಕಳಿಸುತ್ತಾರೆ, ಹಾಗೆ ಮಾಡಬೇಡಿ.

ಡ್ರೋನ್ ಹಾರಿಸಿ ಫೋಟೋ ತೆಗೆದು ಎಣಿಸಿದರೆ ಸುಲಭ ಅಲ್ವಾ?

ಬೇಡ. ಡ್ರೋನನ್ನು ಹದ್ದೆಂದು ತಿಳಿದು ಹಕ್ಕಿಗಳು ಎದ್ದುಬಿಡುತ್ತವೆ. ಏರಿಯಿಂದ ತೆಗೆದ ಫೋಟೋ ಒಳ್ಳೆಯದೇ. ದೊಡ್ಡ ಗುಂಪಿನ ಎಡದಿಂದ ಬಲಕ್ಕೆ ಒಂದರ ಮೇಲೊಂದು ಸ್ವಲ್ಪ ಕೂಡಿಕೊಳ್ಳುವಂತೆ ಫೋಟೋ ತೆಗೆದಿಟ್ಟುಕೊಂಡರೆ ಸಂಜೆ ಕೂತು ತಾಳೆ ನೋಡಬಹುದು. ಗೂಡು ಕಟ್ಟುತ್ತಿರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಮರದಡಿಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ತಾಯಿ ಎದ್ದರೆ ಕಾಗೆ ಮೊಟ್ಟೆಗೆ ಬೀಳಲು ಒಂದು ನಿಮಿಷ ಸಾಕು.

## ಪಟ್ಟಿ ಮತ್ತು ಆ್ಯಪ್

ಇಬರ್ಡ್‌ನಲ್ಲಿ ಹಾಕುವಾಗ ಎಲ್ಲಿ ತಪ್ಪಾಗುತ್ತೆ?

ಹೆಚ್ಚು ತಪ್ಪಾಗುವುದು ‘ಇದು ಪೂರ್ಣ ಪಟ್ಟಿಯೇ?’ ಎಂಬ ಪ್ರಶ್ನೆಯಲ್ಲಿ. ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ, ಏರಿಯ ಮೇಲಿನ ಕಾಗೆ, ಗೊರವಂಕ, ಪಿಕಳಾರಗಳನ್ನೂ, ಬರೆದಿದ್ದರೆ ಮಾತ್ರ ಹೌದು ಅನ್ನಿ. ನೀರಹಕ್ಕಿ ಮಾತ್ರ ಬರೆದಿದ್ದರೆ ಇಲ್ಲ ಅನ್ನಬೇಕು. ನಮ್ಮ ಸಲಹೆ, ಎಲ್ಲವನ್ನೂ ಬರೆದು ಹೌದು ಅನ್ನಿ, ಆಗ ಅದೇ ಪಟ್ಟಿ ಎರಡು ಕೆಲಸಕ್ಕೆ ಒದಗುತ್ತದೆ.

ಎರಡನೆಯದು ಸಂಖ್ಯೆಯ ಬದಲು ಎಕ್ಸ್ ಹಾಕುವುದು. ಎಕ್ಸ್ ಅಂದರೆ ‘ಇತ್ತು’ ಎಂದಷ್ಟೇ. ಎಣಿಕೆಗೆ ಬಂದು ಎಕ್ಸ್ ಬರೆಯಬೇಡಿ, ಅಂದಾಜಾದರೂ ಸರಿ, ಸಂಖ್ಯೆ ಕೊಡಿ. ಮೂರನೆಯದು ದೂರ. ಹೋದ ದಾರಿಯಲ್ಲೇ ಮರಳಿದರೆ ಒಂದು ಕಡೆಯ ದೂರ ಮಾತ್ರ ಬರೆಯಬೇಕು. ಪಟ್ಟಿ ನಿಲ್ಲಿಸದೆ ಬೈಕು ಹತ್ತಿದರೆ ಹನ್ನೆರಡು ಕಿಲೋಮೀಟರಿನ ಪಟ್ಟಿಯಾಗಿ ಹಾಳಾಗುತ್ತದೆ. ಕೆರೆಗೊಂದು ಪಟ್ಟಿ ಮಾಡಿ. ಸಂಖ್ಯೆ ದೊಡ್ಡದೆಂದು ಆ್ಯಪ್ ಕೇಳಿದರೆ ‘ಐವತ್ತರ ಅಳತೆಯಲ್ಲಿ ಎರಡು ಸಲ ಎಣಿಸಿದ್ದು’ ಎಂದು ಟಿಪ್ಪಣಿ ಬರೆಯಿರಿ. ಪರಿಶೀಲಿಸುವವರಿಗೆ ಅಷ್ಟು ಸಾಕು.

ತಂಡದಲ್ಲಿ ಒಬ್ಬರು ಮಾತ್ರ ಪಟ್ಟಿ ಹಾಕಿ ಉಳಿದವರೊಂದಿಗೆ ಹಂಚಿಕೊಳ್ಳಿ. ಐದು ಜನ ಐದು ಪಟ್ಟಿ ಹಾಕಿದರೆ 300 ಬಾತು 1500 ಆಗುತ್ತದೆ.

ನನ್ನ ಲೆಕ್ಕ 340, ಜೊತೆಯವರದು 500. ಯಾವುದನ್ನ ಬರೀಲಿ?

ಹತ್ತರಲ್ಲಿ ಒಂದು ಪಾಲಿನೊಳಗಿನ ವ್ಯತ್ಯಾಸಕ್ಕೆ ಸರಾಸರಿ ಸಾಕು. ಇಷ್ಟು ಅಂತರವಿದ್ದರೆ ಇಬ್ಬರೂ ಒಂದೇ ಗುಂಪನ್ನು ನೋಡಿಲ್ಲ ಎಂದೇ ಅರ್ಥ. ತೂಬಿನಿಂದ ಒಂಟಿ ಆಲದ ಮರದವರೆಗೆ, ಮರದಿಂದ ಕೋಡಿಯವರೆಗೆ ಎಂದು ಭಾಗ ಮಾಡಿಕೊಂಡು ಒಟ್ಟಿಗೆ ನಿಂತು ಮತ್ತೆ ಎಣಿಸಿ. ಹೆಚ್ಚಾಗಿ ಒಬ್ಬರಿಗೆ ಜೊಂಡಿನ ಹಿಂದಿನ ಗುಂಪು ಕಂಡಿರುವುದಿಲ್ಲ.

ಫೆಬ್ರವರಿಯ ಎಣಿಕೆಯೂ ಇದೂ ಒಂದೇನಾ?

ಬೇರೆ. ಫೆಬ್ರವರಿ ಮಧ್ಯದ ನಾಲ್ಕು ದಿನ, ಶುಕ್ರವಾರದಿಂದ ಸೋಮವಾರದವರೆಗೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಭಾರತದಲ್ಲಿ 2013ರಿಂದ ಇದೆ. ಹಿತ್ತಲು, ಶಾಲೆ, ತೋಟ ಎಲ್ಲಿ ಬೇಕಾದರೂ ಕನಿಷ್ಠ 15 ನಿಮಿಷ ನಿಂತು ಎಲ್ಲ ಹಕ್ಕಿಗಳನ್ನೂ ಬರೆಯುವುದು. ಕಾಲೇಜುಗಳವರು ಅದೇ ದಿನಗಳಲ್ಲಿ ಕ್ಯಾಂಪಸ್ ಎಣಿಕೆ ಮಾಡುತ್ತಾರೆ. ಕೆರೆ ಹತ್ತಿರವಿಲ್ಲದವರಿಗೆ ಅದೇ ಅನುಕೂಲ.

ನಾವು ಹೊರದೇಶದಲ್ಲಿದ್ದೀವಿ. ಇಲ್ಲಿ ಏನಾದರೂ ಇದೆಯಾ?

ಅಮೆರಿಕದಲ್ಲಿ 1900ರಿಂದ ನಡೆಯುತ್ತಿರುವ ಕ್ರಿಸ್‌ಮಸ್ ಬರ್ಡ್ ಕೌಂಟ್ ಇದೆ. ಡಿಸೆಂಬರ್ 14ರಿಂದ ಜನವರಿ 5ರೊಳಗಿನ ಒಂದು ದಿನ, 15 ಮೈಲಿ ಅಡ್ಡಳತೆಯ ವೃತ್ತದೊಳಗೆ ಎಣಿಸುತ್ತಾರೆ. ಆ ವೃತ್ತದ ಸಂಚಾಲಕರಿಗೆ ಮೊದಲೇ ಹೆಸರು ಕೊಡಬೇಕು. ಬ್ರಿಟನ್ನಿನಲ್ಲಿ ಜನವರಿ ಕೊನೆಯ ವಾರಾಂತ್ಯ ಬಿಗ್ ಗಾರ್ಡನ್ ಬರ್ಡ್‌ವಾಚ್, ಒಂದು ಗಂಟೆ ಸಾಕು. ಅಲ್ಲಿ ಒಟ್ಟು ಬಂದುಹೋದದ್ದನ್ನು ಕೂಡಿಸುವುದಿಲ್ಲ, ಒಂದೇ ಕ್ಷಣದಲ್ಲಿ ಒಟ್ಟಿಗೆ ಕಂಡ ಹೆಚ್ಚಿನ ಸಂಖ್ಯೆಯನ್ನು ಬರೆಯುತ್ತಾರೆ.

## ನಾಲ್ಕಾರು ಸಲ ಎಣಿಸಿದವರಿಗೆ

ಯಾರೂ ಎಣಿಸದ ಒಂದು ಕೆರೆ ನಮ್ಮೂರಲ್ಲಿದೆ. ಹೊಸದಾಗಿ ಹೇಗೆ ಸೇರಿಸೋದು?

ದೊಡ್ಡ ಹೆಸರಿನ ಕೆರೆಗಳಿಗೆ ಜನ ತಾವಾಗಿ ಹೋಗುತ್ತಾರೆ, ನಿಮ್ಮೂರಿನದಕ್ಕೆ ನೀವೇ ಗತಿ. ನಕ್ಷೆಯಲ್ಲಿ ಎಲ್ಲೆ ಗುರುತಿಸಿ. ಏರಿ, ಎರಡು ಬದಿ, ಹಿನ್ನೀರಿನ ಯಾವ ಗದ್ದೆಯವರೆಗೆ ಎಂಬುದನ್ನು ಮೊದಲ ವರ್ಷವೇ ತೀರ್ಮಾನಿಸಿ, ಆಮೇಲೆ ಬದಲಿಸಬೇಡಿ. ಇಡೀ ನೀರು ಕಾಣುವಂತೆ ನಿಲ್ಲುವ ಜಾಗಗಳನ್ನು ಆರಿಸಿ, ಸಾಮಾನ್ಯ ಕೆರೆಗೆ ಮೂರು ಸಾಕು. ಒಂದೊಂದು ಜಾಗದಿಂದ ಎಲ್ಲಿಂದ ಎಲ್ಲಿಯವರೆಗೆ ನೋಡಬೇಕು ಎಂದು ಮರ, ಬಂಡೆ, ಪಂಪ್‌ಹೌಸ್ ಗುರುತಿನಿಂದ ಬರೆದಿಡಿ. ನೀವಿಲ್ಲದ ವರ್ಷ ಬೇರೆಯವರು ಅದೇ ಕಾಗದ ಹಿಡಿದು ಎಣಿಸುವಂತಿರಬೇಕು. ಗಣತಿಯಲ್ಲಿ ಜಾಗಕ್ಕೊಂದು ಗುರುತು ಸಂಖ್ಯೆ ಕೊಡಿಸಲು ರಾಜ್ಯದ ಸಂಯೋಜಕರಿಗೆ ಹೆಸರು, ತಾಲ್ಲೂಕು, ಅಕ್ಷಾಂಶ-ರೇಖಾಂಶ ಕಳಿಸಿ.

ಪಟ್ಟೆತಲೆ ಹೆಬ್ಬಾತು ಬೆಳಗ್ಗೆ ಎಣಿಸಿದರೆ ಕಡಿಮೆ ಸಿಗ್ತಾವೆ, ಯಾಕೆ?

ಅವು ರಾತ್ರಿ ಮತ್ತು ಬೆಳಗಿನ ಹೊತ್ತು ಹೊಲಗಳಲ್ಲಿ ಮೇಯ್ದು, ಬಿಸಿಲೇರಿದ ಮೇಲೆ ಕೆರೆಗೆ ಬಂದು ವಿಶ್ರಮಿಸುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಾಗಲಿ ನಂಜನಗೂಡು ಬಳಿಯ ಹದಿನಾರು ಕೆರೆಯಾಗಲಿ, ಇವುಗಳಿಗಾಗಿ ಹತ್ತರಿಂದ ಹನ್ನೆರಡರ ನಡುವೆ ಇನ್ನೊಂದು ಸುತ್ತು ಹಾಕಿ. ಕುತ್ತಿಗೆ ಎತ್ತಿದಾಗ ಕೊರಳಪಟ್ಟಿ ಇದೆಯಾ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರಗಳ ಬಣ್ಣ, ಅಕ್ಷರ-ಅಂಕಿ ಮೂರನ್ನೂ ಬರೆದುಕೊಳ್ಳಿ, ಸ್ಕೋಪಿಗೆ ಮೊಬೈಲು ಹಿಡಿದು ಫೋಟೋ ತೆಗೆಯಿರಿ. ಓದಲು ಹತ್ತಿರ ಹೋಗಿ ಗುಂಪು ಎಬ್ಬಿಸುವಷ್ಟು ಅವಸರ ಬೇಡ, ಅದು ನಾಳೆಯೂ ಅಲ್ಲೇ ಇರುತ್ತದೆ.

ಸತ್ತ ಹಕ್ಕಿಗಳು ಕಂಡರೆ?

ಒಂದೋ ಎರಡೋ ಇದ್ದರೆ ಟಿಪ್ಪಣಿ ಸಾಕು. ಒಂದೇ ಕಡೆ ಹಲವು ಸತ್ತಿದ್ದರೆ, ಕುತ್ತಿಗೆ ಎತ್ತಲಾಗದೆ ಬಿದ್ದ ಹಕ್ಕಿಗಳಿದ್ದರೆ, ಮುಟ್ಟಬೇಡಿ, ಮಕ್ಕಳನ್ನು, ನಾಯಿಗಳನ್ನು ದೂರವಿಡಿ. ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆ ಮತ್ತು ಪಶುವೈದ್ಯರಿಗೆ ಅದೇ ದಿನ ತಿಳಿಸಿ. ಆ ಬೂಟಿನಲ್ಲೇ ಮುಂದಿನ ಕೆರೆಗಾಗಲಿ ಕೋಳಿಫಾರಂಗಾಗಲಿ ಹೋಗಬೇಡಿ.

ಇಷ್ಟು ಎಣಿಸಿ ಕೆರೆಗೇನು ಸಿಕ್ಕಿತು?

ಜಾಗತಿಕ ಮಹತ್ವದ ಕೆರೆ, ಜೌಗುಗಳ ರಾಮ್ಸರ್ ಪಟ್ಟಿಗೆ ಒಂದು ಜಾಗ ಸೇರಲು ಇರುವ ಮಾನದಂಡಗಳಲ್ಲಿ ಎರಡು ನೇರವಾಗಿ ಎಣಿಕೆಯವು. ವಾಡಿಕೆಯಾಗಿ 20,000 ಅಥವಾ ಹೆಚ್ಚು ನೀರಹಕ್ಕಿಗಳು ಇರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇಕಡ 1ರಷ್ಟಾದರೂ ಅಲ್ಲಿಗೆ ಬರಬೇಕು. ‘ವಾಡಿಕೆಯಾಗಿ’ ಎಂದು ತೋರಿಸಲು ಹಲವು ವರ್ಷಗಳ ಲೆಕ್ಕ ಬೇಕು. ನಮ್ಮ ರಾಜ್ಯದಿಂದ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಆ ಪಟ್ಟಿ ಸೇರಿದವು. ಮಾಗಡಿ ಕೆರೆ ಸುಮಾರು 54 ಹೆಕ್ಟೇರ್ ಅಷ್ಟೇ. ಸಣ್ಣ ಕೆರೆಗೇನು ಬೆಲೆ ಅನ್ನುವವರಿಗೆ ಅದನ್ನು ತೋರಿಸಿ.

ಐದು ವರ್ಷದಿಂದ ಎಣಿಸ್ತಿದ್ದೀವಿ, ಚಲುಕ ಬಾತು ಕಡಿಮೆಯಾಗ್ತಿದೆ. ನಿಜವಾ, ನಮ್ಮ ಕೆರೆದ್ದೇ ಕತೆಯಾ?

ಎರಡೂ ಇರಬಹುದು. 30,000ದಷ್ಟು ಹವ್ಯಾಸಿಗಳು ದಾಖಲಿಸಿದ ಪಟ್ಟಿಗಳ ಆಧಾರದ ಮೇಲೆ 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಇಳಿಮುಖವಾಗಿರುವ ಹಕ್ಕಿಗಳಲ್ಲಿ ಚಲುಕ ಬಾತೂ ಇದೆ, ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ.

ಆದರೆ ನಿಮ್ಮ ಕೆರೆಯ ಮಟ್ಟಿಗೆ ಮೊದಲು ನೀರು ನೋಡಬೇಕು. ಚಲುಕ, ಸೂಜಿಬಾಲ ಮುಳುಗಿ ಮೇಯುವ ಬಾತುಗಳಲ್ಲ, ಅವಕ್ಕೆ ಆಳವಿಲ್ಲದ ಅಂಚು ಬೇಕು. ಗೊರವಗಳಿಗೆ ಬರೀ ಕೆಸರು ಬೇಕು. ಹಿಂಗಾರು ಚೆನ್ನಾಗಿ ಸುರಿದು ಕೋಡಿ ಬಿದ್ದ ವರ್ಷ ಕೆರೆ ನೋಡಲು ಚೆಂದ, ಹಕ್ಕಿ ಕಡಿಮೆ. ಸುತ್ತಲ ಎಲ್ಲ ಕೆರೆಗಳೂ ತುಂಬಿ ಅವು ಹಂಚಿಹೋಗಿರುತ್ತವೆ. ಅರ್ಧ ಬತ್ತಿದ ವರ್ಷ ಅದೇ ಕೆರೆಯಲ್ಲಿ ಮೂರು ಪಟ್ಟು ಕಂಡೀತು. ಹೂಳೆತ್ತಿ ದಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರೆ ನೀರು ಎಷ್ಟಿದ್ದರೂ ಅವಕ್ಕೆ ಕಾಲಿಡಲು ಜಾಗವಿಲ್ಲ. ಆದ್ದರಿಂದ ಐದೂ ವರ್ಷಗಳ ಸಂಖ್ಯೆಯ ಪಕ್ಕದಲ್ಲಿ ನೀರಿನ ಮಟ್ಟ, ಎಣಿಸಿದವರು ಎಷ್ಟು ಜನ, ಎಷ್ಟು ಹೊತ್ತು, ಸ್ಕೋಪ್ ಇತ್ತೋ ಇಲ್ಲವೋ ಎಂದು ಬರೆದು ನೋಡಿ.

ಹಿಂದಿನ ವರ್ಷಗಳ ಮಟ್ಟ ಬರೆದಿಟ್ಟಿಲ್ಲದಿದ್ದರೆ ಈ ಜನವರಿಯಿಂದ ಶುರುಮಾಡಿ. ತೂಬಿನ ಕಲ್ಲುಕಂಬದಲ್ಲಿ ನೀರಿನಿಂದ ಮೇಲೆ ಎಷ್ಟು ಅಡಿ ಕಾಣುತ್ತದೆ ಎಂದು ಏರಿಯಿಂದಲೇ ಅಂದಾಜು ಮಾಡಿ, ಅದೇ ಜಾಗದಿಂದ ಒಂದು ಫೋಟೋ ತೆಗೆದು ಪಟ್ಟಿಗೆ ಸೇರಿಸಿ. ಕಂಬ ಪೂರ್ತಿ ಮುಳುಗಿದ್ದರೆ ‘ಮುಳುಗಿದೆ’ ಎಂದು ಬರೆಯಿರಿ.